ನಮ್ಮವ ಅಂದ್ರೆ ಸರಿ, ಅವರವ ಅಂದ್ರೆ ತಪ್ಪು!

‘ಮೋದಿ ಮೋದಿ’ ಎಂದು ಕೂಗುವ ಹುಡುಗರ ಕಪಾಳಕ್ಕೆ ಹೊಡೀಬೇಕು ಎಂದು ಸಚಿವ ಶಿವರಾಜ ತಂಗಡಗಿಯವರು 2024ರ ಮಾರ್ಚ್‌ನಲ್ಲಿ ಕಾರಟಗಿಯಲ್ಲಿ ಹೇಳಿದರು. ಚುನಾವಣೆ ಕಾಲ. ಬಿಜೆಪಿಯವರು ಆಯೋಗಕ್ಕೆ ದೂರು ಕೊಟ್ಟರು. ಗಂಗಾವತಿ ಬಸ್ ಸ್ಟ್ಯಾಂಡಿನಿಂದ ಕುಷ್ಟಗಿ ಸಂತೆವರೆಗೆ ಅದೇ ಮಾತು. ‘ಹಳ್ಳಿ ಮಾತು ಬಿಡ್ರಿ, ಏನ್ ತಪ್ಪೈತಿ?’ ಎಂದರು ಕಾಂಗ್ರೆಸ್ಸಿನ ಅಭಿಮಾನಿಗಳು.

ಸರಿ. ಹಾಗಾದರೆ 2023ರ ಏಪ್ರಿಲ್‌ನಲ್ಲಿ ಇದೇ ಜಿಲ್ಲೆಗೆ ಪ್ರಚಾರಕ್ಕೆ ಬಂದ ಬಸನಗೌಡ ಪಾಟೀಲ ಯತ್ನಾಳರು ಸೋನಿಯಾ ಗಾಂಧಿಯವರನ್ನು ‘ವಿಷಕನ್ಯೆ’ ಎಂದದ್ದು? ಖರ್ಗೆಯವರು ಮೋದಿಯವರನ್ನು ವಿಷಸರ್ಪಕ್ಕೆ ಹೋಲಿಸಿದ್ದಕ್ಕೆ ಅದು ಜವಾಬಂತೆ! ಅಂದು ಹೆಣ್ಣುಮಕ್ಕಳ ಮರ್ಯಾದೆ ಎಂದು ಸಿಟ್ಟಾದವರೇ ಮರುವರ್ಷ ಕಪಾಳದ ಮಾತಿಗೆ ನಕ್ಕರು. ಅಂದು ನಕ್ಕವರಿಗೆ ಸಭ್ಯತೆ ನೆನಪಾಯಿತು. ತಕ್ಕಡಿ ಒಂದೇ, ಗಿರಾಕಿ ನೋಡಿ ಕಲ್ಲು ಬದಲು. ಅಂಗಡಿಯಲ್ಲಿ ಹೀಗೆ ತೂಗಿದರೆ ದಂಡ ಬೀಳ್ತದ.

ಇನ್ನೊಂದು ಮಾತು. ತಂಗಡಗಿಯವರು 2008ರಲ್ಲಿ ಕನಕಗಿರಿಯಿಂದ ಪಕ್ಷೇತರರಾಗಿ ಗೆದ್ದು, ಯಡಿಯೂರಪ್ಪನವರ ಬಿಜೆಪಿ ಸರಕಾರದಲ್ಲೇ ಮಂತ್ರಿಯಾಗಿದ್ದವರು. ಆಗ ಇಂಥದೇ ಮಾತು ಆಡಿದ್ದರೆ ಚಪ್ಪಾಳೆ ಯಾರದು, ದೂರು ಯಾರದು, ಓದುಗರೇ ಲೆಕ್ಕ ಹಾಕಲಿ.

ಈ ಗದ್ದಲದಲ್ಲಿ ಮುಳುಗಿದ್ದು ಹುಡುಗರ ಕೆಲಸದ ಮಾತು. ವರ್ಷಕ್ಕೆ 2 ಕೋಟಿ ಉದ್ಯೋಗ ಎಲ್ಲಿ ಎಂದು ಸಚಿವರು ಅದೇ ಭಾಷಣದಲ್ಲಿ ಕೇಳಿದ್ದರು. ಬಿಜೆಪಿಯವರು ಅದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ, ಕಪಾಳ ಹಿಡಿದು ಕೂತರು. ನಿಮ್ಮ ಸರಕಾರದ ಖಾಲಿ ಹುದ್ದೆ ಯಾವಾಗ ತುಂಬ್ತೀರಿ ಸಾಹೇಬ್ರ ಎಂದು ಕಾಂಗ್ರೆಸ್ಸಿನವರು ಸಚಿವರನ್ನು ಕೇಳಲಿಲ್ಲ. ಯಲಬುರ್ಗಾ ಕಡೆಯ ಹುಡುಗ ಮಾತ್ರ ಚೀಲ ಹೆಗಲಿಗೆ ಹಾಕಿಕೊಂಡು ಇಂದಿಗೂ ದುಡಿಯಲು ಮಂಗಳೂರು ಬಸ್ ಹತ್ತುತ್ತಾನೆ.