ಸಹಾಧ್ಯಕ್ಷರ ಖಾಲಿ ಕುರ್ಚಿ

ನದಿಗೆ ಗಡಿಗಳ ಹಂಗಿಲ್ಲ. 2019ರ ಆಗಸ್ಟ್‌ನಲ್ಲಿ ಪಶ್ಚಿಮ ಘಟ್ಟದಲ್ಲಿ ಸುರಿದ ಮಳೆ ಕೊಲ್ಲಾಪುರ, ಸಾಂಗ್ಲಿಗಳನ್ನು ಮುಳುಗಿಸಿತು. ಅದೇ ಕೃಷ್ಣೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಮನೆಗಳಿಗೂ ನುಗ್ಗಿತು. ಹೀಗಿರುವಾಗ ನದಿದಂಡೆಯ ಸ್ಥಳೀಯ ಸಂಸ್ಥೆಗಳು ಒಟ್ಟಾಗಿ ಸಿದ್ಧತೆ ನಡೆಸಬೇಡವೇ?

ಕಾನೂನಿಗೇನೂ ಕೊರತೆಯಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಪಂಚಾಯತ್ ಅಧ್ಯಕ್ಷರು ಸಹಾಧ್ಯಕ್ಷರು. ಸಿಬ್ಬಂದಿಗೆ ತರಬೇತಿ ನೀಡಿ, ಸಲಕರಣೆಗಳನ್ನು ಸಜ್ಜಾಗಿಡುವ ಹೊಣೆ ಸ್ಥಳೀಯ ಸಂಸ್ಥೆಗಳದ್ದು.

ಆದರೆ ನಮ್ಮ ರಾಜ್ಯದಲ್ಲಿ ನಡೆದದ್ದೇನು? ಜಿಲ್ಲಾ ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿಯಿತು. ಬಳಿಕ ನಾಲ್ಕು ವರ್ಷ ಉರುಳಿದರೂ ಚುನಾವಣೆ ನಡೆಯಲಿಲ್ಲ. ಪಕ್ಷಗಳು ಬದಲಾದವು, ನೆಪಗಳು ಬದಲಾದವು. ಸಹಾಧ್ಯಕ್ಷರ ಕುರ್ಚಿ ಮಾತ್ರ ಖಾಲಿಯೇ ಉಳಿಯಿತು. 2025ರ ತಿದ್ದುಪಡಿ ನಗರ ಪ್ರಾಧಿಕಾರಕ್ಕೆ ಅವಕಾಶ ನೀಡಿತಾದರೂ ಅದು ರಾಜಧಾನಿ ಹಾಗೂ ಮಹಾನಗರಪಾಲಿಕೆಗಳಿಗೆ ಸೀಮಿತ. ಪುರಸಭೆಯ ಊರುಗಳಲ್ಲಿ ನೆರೆ ಬರುವುದಿಲ್ಲವೇ?

ಅಧಿಕಾರಿಗಳಿದ್ದಾರಲ್ಲ ಎನ್ನುವವರಿದ್ದಾರೆ. ಅಧಿಕಾರಿಗಳ ಶ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವರು ವರ್ಗವಾಗಿ ಹೋಗುತ್ತಾರೆ. ಯಾವ ಓಣಿಗೆ ಮೊದಲು ನೀರು ನುಗ್ಗುತ್ತದೆ, ಹಾಸಿಗೆ ಹಿಡಿದ ಅಜ್ಜಿ ಯಾವ ಮನೆಯಲ್ಲಿದ್ದಾಳೆ ಎಂಬುದು ಊರಿನ ಸದಸ್ಯನಿಗೆ ಗೊತ್ತು. ಆತನ ಅರಿವಿಗೆ ಸಭೆಯಲ್ಲಿ ಸ್ಥಾನವಿಲ್ಲದಿದ್ದರೆ ಯೋಜನೆ ಕಡತದಲ್ಲೇ ಕೊಳೆಯುತ್ತದೆ.

ನೆರೆ ಬಂದಾಗ ಅನ್ನದ ಪೊಟ್ಟಣ ಹಂಚಲು ನಮ್ಮ ಯುವಕರು ಓಡುತ್ತಾರೆ. ಅದು ಶ್ಲಾಘನೀಯ. ಆದರೆ ಮಳೆಗಾಲಕ್ಕೆ ಮುನ್ನವೇ ಪುರಸಭೆಗೆ ಹೋಗಿ ಕೇಳಬೇಕಾದ ಪ್ರಶ್ನೆಗಳಿವೆ: ದೋಣಿ ಎಲ್ಲಿದೆ? ಪಕ್ಕದ ಊರಿನೊಂದಿಗೆ ಒಪ್ಪಂದವೇನು? ಮೇಲ್ದಂಡೆಯಿಂದ ಮುನ್ಸೂಚನೆ ಯಾರಿಗೆ ಬರುತ್ತದೆ? ಕೇಳದ ಸಮಾಜಕ್ಕೆ ಪರಿಹಾರದ ಸಾಲೇ ಗತಿ.