ಮನೆವಾರ್ತೆಯ ವರ್ಷಗಳೂ ಲೆಕ್ಕಕ್ಕೆ ಬರಬೇಕು

ನಮ್ಮ ಕರಾವಳಿಯ ಅನೇಕ ಕುಟುಂಬಗಳ ಹೆಣ್ಣುಮಕ್ಕಳು ದಾದಿಯರಾಗಿ ಬ್ರಿಟನ್ನಿಗೆ ತೆರಳಿದ್ದಾರೆ. ಅವರ ದುಡಿಮೆಯಿಂದ ಇಲ್ಲಿ ಮನೆಗಳು ಎದ್ದಿವೆ, ತಂಗಿಯರ ಮದುವೆಗಳಾಗಿವೆ. ಆದರೆ ಅವರ ಮುಪ್ಪಿನ ಕಾಲದ ಪಿಂಚಣಿಯ ಬಗ್ಗೆ ನಾವು ವಿಚಾರಿಸಿದ್ದು ಅಪರೂಪವೇ.

ಅಲ್ಲಿನ ಸರಕಾರಿ ಪಿಂಚಣಿಯು ರಾಷ್ಟ್ರೀಯ ವಿಮೆಯ ವಂತಿಗೆಯನ್ನು ಅವಲಂಬಿಸಿದೆ. 2016ರ ಏಪ್ರಿಲಿನಿಂದ ಜಾರಿಯಲ್ಲಿರುವ ಕ್ರಮದಂತೆ ಸಾಮಾನ್ಯವಾಗಿ ಕನಿಷ್ಠ 10 ವರ್ಷಗಳ ದಾಖಲೆ ಇರಬೇಕು. ಪೂರ್ಣ ಮೊತ್ತಕ್ಕೆ 35 ವರ್ಷ. ಗಂಡಸಿಗೆ ಇದು ಸರಳ ಲೆಕ್ಕ. ಹೆರಿಗೆ, ಶಿಶುಪಾಲನೆ, ಹಿರಿಯರ ಆರೈಕೆ ಎಂದು ಕೆಲಸ ಬಿಟ್ಟು ಮನೆಯಲ್ಲಿ ಉಳಿದವಳಿಗೆ ಹಾಗಲ್ಲ.

1948ರಲ್ಲಿ ಯೋಜನೆ ಆರಂಭವಾದಾಗ ವಿವಾಹಿತ ಸ್ತ್ರೀಯನ್ನು ಪತಿಯ ಆಶ್ರಿತಳೆಂದೇ ಪರಿಗಣಿಸಲಾಗಿತ್ತು. ಆಕೆ ಕಡಿಮೆ ದರದ ವಂತಿಗೆಯನ್ನು ಆರಿಸಿಕೊಳ್ಳಬಹುದಿತ್ತು; ಅದರಿಂದ ಸ್ವಂತ ಪಿಂಚಣಿಯ ಹಕ್ಕು ಹುಟ್ಟುತ್ತಿರಲಿಲ್ಲ. 1977ರಲ್ಲಿ ಹೊಸಬರಿಗೆ ಆ ಆಯ್ಕೆ ನಿಂತಿತು. ಮರುವರ್ಷ ಮಕ್ಕಳನ್ನು ಸಾಕುವ ತಾಯಂದಿರ ವರ್ಷಗಳಿಗೆ ರಕ್ಷಣೆ ದೊರೆಯಿತು. ಆದರೂ 2000ನೇ ಇಸವಿಯ ಮೇ ತಿಂಗಳಿಗೆ ಮುಂಚೆ ಮಕ್ಕಳ ಭತ್ಯೆಗೆ ಅರ್ಜಿ ಹಾಕಿದ ಕೆಲವರ ರಕ್ಷಣೆ ದಾಖಲೆಯಲ್ಲಿ ಸೇರದೇ ಹೋಯಿತು. ತಪ್ಪು ಕಚೇರಿಯದು, ನಷ್ಟ ತಾಯಿಯದು. ಅಂಥವರು ಈಗಲೂ ದಾಖಲೆ ತಿದ್ದಿಸಿಕೊಳ್ಳಲು ಅವಕಾಶವಿದೆ.

ಇಂದಿನ ಯುವ ದಂಪತಿಗಳಲ್ಲಿ ಇನ್ನೊಂದು ಬಗೆಯ ಅಜಾಗ್ರತೆ ಉಂಟು. ಮಗುವಿಗೆ 12 ವರ್ಷ ತುಂಬುವ ತನಕ ಭತ್ಯೆಯ ಅರ್ಜಿದಾರರಿಗೆ ವಿಮೆಯ ವರ್ಷಗಳು ಜಮೆಯಾಗುತ್ತವೆ. ಪತಿಯ ಸಂಬಳ ಹೆಚ್ಚೆಂದು, ಭತ್ಯೆ ಹೇಗೂ ತೆರಿಗೆಯಲ್ಲಿ ಹಿಂದಿರುಗಿ ಹೋಗುವುದೆಂದು ಕೆಲವರು ಅರ್ಜಿಯನ್ನೇ ಹಾಕುವುದಿಲ್ಲ. ಹಣ ಪಡೆಯದೆಯೂ ಅರ್ಜಿ ಮಾತ್ರ ಸಲ್ಲಿಸಬಹುದು ಎಂಬುದು ಅವರಿಗೆ ತಿಳಿಯದು. ಕೆಲವೆಡೆ ಅರ್ಜಿ ದುಡಿಯುವ ತಂದೆಯ ಹೆಸರಿನಲ್ಲಿರುತ್ತದೆ; ಆತನಿಗೆ ಆ ಜಮೆಯ ಅಗತ್ಯವೇ ಇಲ್ಲ. ಮನೆಯ ಯಜಮಾನಿಕೆಯ ಹುಚ್ಚು ಕಡಲು ದಾಟಿದರೂ ನಮ್ಮನ್ನು ಬಿಟ್ಟಿಲ್ಲವೆಂದು ತೋರುತ್ತದೆ.

ನಿವೃತ್ತಿಯ ಬಳಿಕ ಊರಿಗೆ ಮರಳುವವರ ಪಾಡು ಬೇರೆಯೇ. ಬ್ರಿಟನ್ನಿನಲ್ಲಿ ಪಿಂಚಣಿ ವರ್ಷಂಪ್ರತಿ ಏರುತ್ತದೆ. ಭಾರತದಲ್ಲಿ ನೆಲೆಸಿದವರಿಗೆ ಏರುವುದಿಲ್ಲ. ಮೊದಲ ಕಂತಿನ ದರ ಎಷ್ಟಿತ್ತೋ 20 ವರ್ಷಗಳ ಅನಂತರವೂ ಅಷ್ಟೇ. ಅದೇ ವಾರ್ಡಿನಲ್ಲಿ ದುಡಿದ ಫಿಲಿಪ್ಪೀನ್ಸಿನ ದಾದಿ ತನ್ನ ದೇಶಕ್ಕೆ ಮರಳಿದರೆ ಆಕೆಗೆ ಏರಿಕೆ ದೊರೆಯುತ್ತದೆ, ಏಕೆಂದರೆ ಆ ದೇಶದೊಡನೆ ಒಪ್ಪಂದವಿದೆ. ಸಮಾನ ವಂತಿಗೆ ತೆತ್ತವರಲ್ಲಿ ಈ ಭೇದವನ್ನು ನಾವು ನ್ಯಾಯವೆಂದು ಒಪ್ಪಲಾರೆವು. 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇಂಥ ಪಿಂಚಣಿದಾರರ ದೂರನ್ನು ತಳ್ಳಿಹಾಕಿತು. ಆದ್ದರಿಂದ ಇದು ಸರಕಾರಗಳು ಮಾತುಕತೆಯಿಂದಲೇ ಬಗೆಹರಿಸಬೇಕಾದ ಪ್ರಶ್ನೆಯಾಗಿ ಉಳಿದಿದೆ. ನಮ್ಮ ಸಂಸದರು ದಿಲ್ಲಿಯಲ್ಲಿ ಇದನ್ನು ಎತ್ತಬೇಕು.

ಈ ಕ್ರಿಸ್ಮಸ್ ರಜೆಗೆ ಮಗಳು ಊರಿಗೆ ಬಂದಾಗ, ಮಕ್ಕಳ ಭತ್ಯೆಯ ಅರ್ಜಿ ಯಾರ ಹೆಸರಿನಲ್ಲಿದೆ ಎಂದು ತಂದೆತಾಯಂದಿರು ಒಮ್ಮೆ ಕೇಳಲಿ. ಅಳಿಯಂದಿರು ಬೇಸರಿಸಿಕೊಳ್ಳಲಾರರು.