ಒಂದು ಪರ್ಸೆಂಟಿಗೆ 346 ರೂಪಾಯಿ: ಸುದ್ದಿಯಲ್ಲಿ ಅದೆಲ್ಲಿದೆ?

ಸುಳ್ಳು ಸುದ್ದಿಗೆ ಏಳು ವರ್ಷ ಜೈಲು, ಹತ್ತು ಲಕ್ಷ ರೂಪಾಯಿ ದಂಡ. 2025ರ ಜೂನ್‌ನಲ್ಲಿ ಹೊರಬಿದ್ದ ರಾಜ್ಯ ಸರ್ಕಾರದ ಮಸೂದೆಯ ಕರಡು ಹೀಗೆ ಗದರಿಸಿತು. ಅದನ್ನು ಹೊಗಳಿದವರೂ ತೆಗಳಿದವರೂ ಒಂದು ಮಾತನ್ನು ಒಪ್ಪಿಕೊಂಡೇ ವಾದ ಶುರು ಮಾಡುತ್ತಾರೆ: ಓದುಗನ ಶತ್ರು ಸುಳ್ಳು. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಅನುಭವ ಬೇರೆ. 2025ರ ನವೆಂಬರ್‌ನಲ್ಲಿ ಈ ಸೀಮೆಯ ಬಗ್ಗೆ ನಾಡಿಗೆ ತಪ್ಪು ತಿಳಿವಳಿಕೆ ಮೂಡಿಸಿದ್ದು ಅರ್ಧ ಹೇಳಿದ ನಿಜ. ಅದನ್ನು ಹಿಡಿಯುವ ಕಾನೂನು ಯಾವುದೂ ಇಲ್ಲ, ಬರುವುದೂ ಇಲ್ಲ.

ಆಗಿನ ಕಬ್ಬಿನ ದರದ ಹೋರಾಟದ ಮೂರು ಅಂಕಿಗಳನ್ನು ನೆನಪಿಸಿಕೊಳ್ಳಿ. ಕೇಂದ್ರದ ಎಫ್‌ಆರ್‌ಪಿ, ಅಂದರೆ ನ್ಯಾಯಯುತ ಮತ್ತು ಲಾಭದಾಯಕ ದರ, ಟನ್ನಿಗೆ 3,550 ರೂಪಾಯಿ. ರೈತರ ಬೇಡಿಕೆ 3,500. ನವೆಂಬರ್ 7ರಂದು ಮುಖ್ಯಮಂತ್ರಿ ಘೋಷಿಸಿದ್ದು 3,300. ದೂರದಲ್ಲಿ ಕುಳಿತು ಇಷ್ಟನ್ನೇ ಓದಿದವರಿಗೆ ಏನನ್ನಿಸೀತು? ಕೇಂದ್ರವೇ 3,550 ಕೊಟ್ಟಿರುವಾಗ 3,500ಕ್ಕೆ ರಸ್ತೆಗಿಳಿಯುವುದೇಕೆ? ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಧರಣಿ ಮುಗಿದ ಮೇಲೂ ಮುಧೋಳದವರು ಏಕೆ ಏಳಲಿಲ್ಲ? ರೈತರು ಹಟಮಾರಿಗಳು ಎಂಬ ತೀರ್ಮಾನಕ್ಕೆ ಬರಲು ಇನ್ನೇನೂ ಬೇಕಿರಲಿಲ್ಲ.

ಮೂರೂ ಅಂಕಿ ನಿಜ, ಆದರೆ ಒಂದೇ ತಕ್ಕಡಿಯವಲ್ಲ. 3,550 ಎಂಬುದು ಕಾರ್ಖಾನೆ ಬಾಗಿಲಿನ ದರ. ಕಟಾವು, ಸಾಗಣೆಯ ಖರ್ಚು ಅದರಲ್ಲೇ ಕಡಿತವಾಗುತ್ತದೆ. 3,500 ಮತ್ತು 3,300 ಆ ಖರ್ಚು ಬಿಟ್ಟು ರೈತನ ಕೈ ಸೇರಬೇಕಾದ ದುಡ್ಡು. 3,550ಕ್ಕೆ ಆಧಾರ 10.25 ಪರ್ಸೆಂಟ್ ರಿಕವರಿ, ಅಂದರೆ ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು. 3,300ಕ್ಕೆ ಆಧಾರ 11.25. ರಿಕವರಿ 10.25 ಇದ್ದಲ್ಲಿ ಅದೇ ಘೋಷಣೆ 3,200ಕ್ಕೆ ಇಳಿಯುತ್ತಿತ್ತು. ಮುಧೋಳದವರು ತಕರಾರು ತೆಗೆದದ್ದು ಈ ರಿಕವರಿ ಷರತ್ತಿನ ಮೇಲೆ. ತಲೆಬರಹಗಳು 3,300 ಎಂದು ಕೂಗಿದವು, ಷರತ್ತು ಕೇಳಿಸಲಿಲ್ಲ.

ಇನ್ನೊಂದು ಅಂಕಿ: 346. ಕೇಂದ್ರದ 2025-26ರ ಸೂತ್ರದಂತೆ 10.25ರ ಮೇಲೆ ರಿಕವರಿ 0.1 ಏರಿದಂತೆಲ್ಲ ಕ್ವಿಂಟಲ್‌ಗೆ 3 ರೂಪಾಯಿ 46 ಪೈಸೆ ಸೇರುತ್ತದೆ. ಒಂದು ಪೂರ್ಣ ಪರ್ಸೆಂಟ್ ಎಂದರೆ ಟನ್ನಿಗೆ 346 ರೂಪಾಯಿ. ಎಕರೆಗೆ 40 ಟನ್ ತೆಗೆದವನಿಗೆ ಅದು 13,840 ರೂಪಾಯಿ. ಮಗಳ ಕಾಲೇಜು ಫೀಸು, ಸೊಸೈಟಿ ಸಾಲದ ಕಂತು ಆ ಒಂದು ಪರ್ಸೆಂಟಿನಲ್ಲಿ ಅಡಗಿವೆ.

ಆ ರಿಕವರಿಯನ್ನು ಅಳೆಯುವವರು ಯಾರು? ಕಾರ್ಖಾನೆಯ ಪ್ರಯೋಗಾಲಯದವರು. ಇಡೀ ವಿಷಯದ ಗಂಟು ಇಲ್ಲಿದೆ. ಅಳತೆಗೋಲು ಒಬ್ಬರ ಕೈಯಲ್ಲೇ ಇರುವಾಗ ಎರಡೂ ಕಡೆಯವರ ಹೇಳಿಕೆಯನ್ನು ಅಕ್ಕಪಕ್ಕ ಅಚ್ಚು ಹಾಕಿ ಇದು ಸಮತೋಲನ ಎಂದರೆ ನಾನು ಒಪ್ಪುವುದಿಲ್ಲ. ಅಳತೆ ಪಟ್ಟಿಯನ್ನು ಕೇಳಿ ತಂದು ಓದುಗನ ಮುಂದಿಡುವ ವರದಿಗಾರನೇ ನಿಷ್ಪಕ್ಷಪಾತಿ.

ಪೂರ್ತಿ ಲೆಕ್ಕ ರೈತನ ಪರವಾಗಿಯೇ ಇರುತ್ತದೆ ಎಂದೂ ತಿಳಿಯಬೇಡಿ. ಕಟಾವು-ಸಾಗಣೆಗೆ ಟನ್ನಿಗೆ 800 ಹಿಡಿದರೆ 3,300ರ ಕಬ್ಬು ಗೇಟಿನೊಳಗೆ ಬರುವಷ್ಟರಲ್ಲಿ 4,100 ಆಗುತ್ತದೆ. ಆ 3,300ರಲ್ಲಿ ರಾಜ್ಯ ಸರ್ಕಾರ ಕೊಡಲೊಪ್ಪಿದ 50 ರೂಪಾಯಿ ಕಳೆದರೂ 4,050. 2019ರ ಫೆಬ್ರುವರಿಯಲ್ಲಿ ಕಿಲೋಗೆ 31 ರೂಪಾಯಿಗೆ ನಿಂತ ಸಕ್ಕರೆಯ ಕನಿಷ್ಠ ಮಾರಾಟ ದರ ಹೋರಾಟದ ದಿನಗಳವರೆಗೂ ಮೇಲೇಳಲಿಲ್ಲ. ಕಾರ್ಖಾನೆಯವರ ಈ ಅಳಲಿಗೂ ಅದೇ ಪುಟದಲ್ಲಿ ಜಾಗ ಸಿಗಬೇಕು.

ಪೂರ್ತಿ ಲೆಕ್ಕ ಪುಟದಲ್ಲಿ ಸಿಗದಿರುವುದಕ್ಕೆ ಕಾರಣ ಊರಿನ ರಚನೆಯಲ್ಲೇ ಇದೆ. ಬೀಳಗಿಯನ್ನು ಪ್ರತಿನಿಧಿಸಿ ಸಚಿವರಾಗಿದ್ದ ಮುರುಗೇಶ ನಿರಾಣಿ ಸಕ್ಕರೆ ಉದ್ಯಮಿ. ಜಮಖಂಡಿಯ ಶಾಸಕರಾಗಿದ್ದ ಸಿದ್ದು ನ್ಯಾಮಗೌಡರು ಜಮಖಂಡಿ ಶುಗರ್ಸ್ ಕಟ್ಟಿದವರು. ಇದು ಯಾರ ಮೇಲಿನ ಆರೋಪವೂ ಅಲ್ಲ. ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಲು ರೈತರನ್ನು ಕೂಡಿಸಿದ ನ್ಯಾಮಗೌಡರ ಋಣ ಈ ಸೀಮೆಯ ಮೇಲಿದೆ. ಆದರೆ ಕಾರ್ಖಾನೆ, ಕ್ಷೇತ್ರ, ಜಾಹೀರಾತು ಮೂರೂ ಒಂದೇ ಓಣಿಯಲ್ಲಿರುವಾಗ ಸ್ಥಳೀಯ ಪತ್ರಿಕೆ ರಿಕವರಿ ಕೇಳುವುದು ಕಷ್ಟ. ಓದುಗ ಅದನ್ನು ಅರಿತು ಓದಬೇಕು.

ಅರ್ಧ ಸುದ್ದಿ ಬೆಂಕಿಯನ್ನೂ ಹಾಗೆಯೇ ಎಣಿಸಿತು. ನವೆಂಬರ್ 13ರಂದು ಸಮೀರವಾಡಿಯ ಸಕ್ಕರೆ ಕಾರ್ಖಾನೆ ಬಳಿ ಕಬ್ಬು ತುಂಬಿದ ಟ್ರೇಲರ್‌ಗಳು ಉರಿದವು. ಒಂದು ವರದಿಯಲ್ಲಿ ಹತ್ತಾರು, ಇನ್ನೊಂದರಲ್ಲಿ ನೂರಕ್ಕೂ ಹೆಚ್ಚು. ಹಚ್ಚಿದವರು ಯಾರೆಂಬುದು ತನಿಖೆಯ ಮಾತು. ಆದರೆ ಮೊಬೈಲ್‌ಗಳಲ್ಲಿ ಆ ಸಂಜೆಯೇ ತೀರ್ಪು ಬಂದಿತ್ತು.

ಇಂಥಲ್ಲಿ ಸತ್ಯ ತೀರ್ಮಾನಿಸುವ ಪ್ರಾಧಿಕಾರಕ್ಕೆ ಸಚಿವರೇ ಅಧ್ಯಕ್ಷರಾಗಬೇಕು ಎಂದಿತ್ತು ಸುಳ್ಳು ಸುದ್ದಿ ಮಸೂದೆಯ ಆ ಕರಡು. ಕಬ್ಬಿನ ದರದಲ್ಲಿ ಸರ್ಕಾರವೂ ಒಬ್ಬ ಪಕ್ಷಗಾರ. ತನ್ನ ಬಗೆಗಿನ ಸುದ್ದಿಗೆ ತಾನೇ ಮುದ್ರೆ ಒತ್ತುವ ಕೇಂದ್ರದ ಫ್ಯಾಕ್ಟ್‌ಚೆಕ್ ಘಟಕದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿದೆ. ದೆಹಲಿಗೆ ಸಲ್ಲದ್ದು ಬೆಂಗಳೂರಿಗೂ ಸಲ್ಲದು.

ಮುಂದಿನ ಪರೀಕ್ಷೆ ಎದುರಿಗೇ ಇದೆ. ಕೃಷ್ಣಾ ಹಿನ್ನೀರಿಗೆ ಹೋಗುವ ಭೂಮಿಗೆ ಎಕರೆಗೆ 40 ಲಕ್ಷ ಪರಿಹಾರ ಎಂದು 2025ರ ಸೆಪ್ಟೆಂಬರ್‌ನಲ್ಲಿ ಸಂಪುಟ ತೀರ್ಮಾನಿಸಿತು. ಅದು ನೀರಾವರಿಗೆ, ಒಣಭೂಮಿಗೆ 30. ಯಾವ ಹೊಲ ನೀರಾವರಿ, ಯಾವುದು ಒಣ ಎಂದು ಬರೆಯುವ ಪೆನ್ನು ಯಾರ ಕೈಯಲ್ಲಿದೆ? ಬೀಳಗಿಯ ರೈತನಿಗೆ ಸುದ್ದಿ ಎಂದರೆ ಅದು.

ಆದ್ದರಿಂದ ಬೇಡಿಕೆ ಸರಳ. ಪ್ರತಿ ಕಾರ್ಖಾನೆ ಆಯಾ ದಿನದ ರಿಕವರಿ ಮತ್ತು ಕಟಾವು-ಸಾಗಣೆ ಕಡಿತವನ್ನು ತೂಕದ ಕಟ್ಟೆಯ ಬಳಿ ಬೋರ್ಡಿನಲ್ಲಿ ಬರೆಯಲಿ. ವಾರ್ತಾ ಇಲಾಖೆ ಸಚಿವರ ಭಾಷಣಕ್ಕೆ ಮೊದಲು ದರದ ಆದೇಶವನ್ನು ಪೂರ್ತಿ ಹೊರಡಿಸಲಿ. ಪತ್ರಿಕೆಗಳು ದರ ಬರೆದಲ್ಲೆಲ್ಲ ಎಷ್ಟು ರಿಕವರಿಗೆ, ಏನು ಕಳೆದು ಎಂಬ ಎರಡು ಸಾಲು ಸೇರಿಸಲಿ. ಓದುಗರೇ, ನಿಷ್ಪಕ್ಷಪಾತ ಪತ್ರಿಕೆ ಯಾವುದೆಂದು ಹುಡುಕುತ್ತ ಕೂರಬೇಡಿ. ಕೈಯಲ್ಲಿರುವ ಕಾರ್ಖಾನೆಯ ಬಿಲ್ಲನ್ನು ಸುದ್ದಿಯ ಪಕ್ಕಕ್ಕಿಟ್ಟು ಓದಿ. ಲೆಕ್ಕ ಕೂಡದಿದ್ದರೆ ಸಂಪಾದಕರಿಗೆ ಪತ್ರ ಬರೆದು ಕೇಳಿ: ಆ ಒಂದು ಪರ್ಸೆಂಟ್ ಎಲ್ಲಿ?